ಲಾಲಪ್ಪನ ಅಮೆರಿಕನ್ ಗಿಟಾರು

ತೊಂದರೆ ಶುರುವಾದದ್ದು ಬಸವಕಲ್ಯಾಣದ ಕಾಸಿಂನ ರೇಡಿಯೊ ರಿಪೇರಿ ಅಂಗಡಿಯಲ್ಲಿ. ಹುಮನಾಬಾದಿನ ಬಸ್ ಕಂಡಕ್ಟರ್ ಲಾಲಪ್ಪ ಅಲ್ಲಿಂದ ಒಂದು ಹಳೆಯ ರಿಕಾರ್ಡ್ ಪ್ಲೇಯರನ್ನೂ, ಜೊತೆಗೆ ಒಂದೇ ಒಂದು ರಿಕಾರ್ಡನ್ನೂ ಕೊಂಡು ತಂದ. ಅದರ ರಟ್ಟಿನ ಮೇಲೆ ಬಣ್ಣದ ಡಬ್ಬಿಗಳನ್ನೆಲ್ಲ ಒಮ್ಮೆಗೇ ಚೆಲ್ಲಿದಂಥ ಚಿತ್ರ. ನಡುವೆ ಗಿಟಾರು ಹಿಡಿದ ಒಬ್ಬ ಜಡೆಗೂದಲಿನ ಆಸಾಮಿ.

"ಅಮೆರಿಕಾದ ಮಾಲು. ಐವತ್ತು ವರ್ಷದ ಮ್ಯಾಲಾತು," ಅಂದಿದ್ದ ಕಾಸಿಂ. "ಜಾಝ್‌ನ್ಯಾಗ ರಾಕ್ ಕಲಸ್ಯಾರ. ಹಾಡೋರಿಲ್ಲ, ಬರೇ ಬಾಜಾ."

ವಾರದ ರಜೆಯ ದಿನ ಬೆಳಿಗ್ಗೆ ಲಾಲಪ್ಪ ರಿಕಾರ್ಡಿನ ಮೇಲೆ ಮುಳ್ಳು ಇಟ್ಟ. ಗಿಟಾರು ಕಬ್ಬಿನ ಲಾರಿ ಬ್ರೇಕ್ ಹಾಕಿದಂತೆ ಕಿರುಚಿ, ಜೇನುಹುಳ ಬೆನ್ನು ಹತ್ತಿದವನಂತೆ ಓಡತೊಡಗಿತು. ಹಿಂದಿನಿಂದ ಡ್ರಮ್ಮು ತಗಡಿನ ಮೇಲೆ ಆಲಿಕಲ್ಲು ಸುರಿದಂತೆ. ಲಾಲಪ್ಪನ ಮೈಮೇಲೆ ಮುಳ್ಳೆದ್ದವು. ಇಪ್ಪತ್ತೆಂಟು ವರ್ಷ ಅವನು 'ಮುಂದ ನಡೀರಿ, ಮುಂದ ನಡೀರಿ' ಅಂದರೂ ಒಬ್ಬನೂ ಜಾಗ ಬಿಟ್ಟು ಕದಲಿರಲಿಲ್ಲ. ಈ ಗಿಟಾರಿನವನೋ, ಯಾರಿಗೂ ಕಾಯದೆ ಹೊರಟೇ ಬಿಟ್ಟಿದ್ದ.

"ಬೆಕ್ಕಿನ ಬಾಲ ತುಳದ್ರೇನ್ರಿ?" ಅಡುಗೆಮನೆಯಿಂದ ಹೆಂಡತಿ ಚಂದಮ್ಮ ಕೇಳಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಮಾಣಿಕಮ್ಮ ಓಡಿಬಂದಳು. "ಚಂದಮ್ಮಾ, ಮೊದಲ ಮಿಕ್ಸರ್ ಬಂದ್ ಮಾಡು, ಸುಟ್ಟು ಹೋಗ್ತದ!"

"ಮಿಕ್ಸರ್ ಅಲ್ಲಕ್ಕಾ, ಸಂಗೀತ," ಅಂದ ಲಾಲಪ್ಪ.

"ಇದ್ಯಾವ ಸಂಗೀತೋ ತಮ್ಮಾ, ನನ್ನ ಎದಿ ಹಾರಾಕತ್ತದ!"

ಎದುರುಮನೆಯ ಹಜಿರಾ ಬೀಗೆ ಮಾತ್ರ ಇದು ಸಂಗೀತವೆಂಬ ಅನುಮಾನವೂ ಬರಲಿಲ್ಲ. ಓಣಿಯ ಟ್ರಾನ್ಸ್‌ಫಾರ್ಮರ್ ಸಿಡಿಯುತ್ತಿದೆ ಎಂದುಕೊಂಡು ಕರೆಂಟಿನ ಆಫೀಸಿಗೆ ಫೋನ್ ಮಾಡಿಬಿಟ್ಟಳು. ಲೈನ್‌ಮನ್ ಬಂದು ಇಡೀ ಓಣಿಯ ಕರೆಂಟು ತೆಗೆದ. ಗಿಟಾರು ಕೋಣದಂತೆ ನರಳಿ ನಿಂತಿತು.

ಒಂದು ತಾಸು ಹುಡುಕಿದರೂ ದೋಷ ಸಿಗಲಿಲ್ಲ. ಲೈನ್‌ಮನ್ ಕರೆಂಟು ಹಾಕಿಸಿದ. ಅವನು ಏಣಿಯಿಂದ ಇನ್ನೂ ಇಳಿಯುತ್ತಿರುವಾಗಲೇ, ಬಂದ್ ಮಾಡದೆ ಬಿಟ್ಟಿದ್ದ ಪ್ಲೇಯರ್ ಗುರ್ರ್ ಎಂದು ತಿರುಗಿ ಒಮ್ಮೆಗೇ ಚೀರಿತು. ಹೆದರಿದ ಲೈನ್‌ಮನ್ ಕೊನೆಯ ಮೂರು ಮೆಟ್ಟಿಲುಗಳನ್ನು ಒಂದೇ ಸಲಕ್ಕೆ ಇಳಿದ. ಪ್ಯಾಂಟು ಹಿಂದಿನಿಂದ ಹರಿಯಿತು.

ಹಿಂದೆ ಕೈ ಅಡ್ಡ ಹಿಡಿದುಕೊಂಡೇ ಅವನು ಲಾಲಪ್ಪನ ಬಾಗಿಲಿಗೆ ಬಂದ. "ಇನ್ನೊಮ್ಮೆ ಇದು ಬಾರಿಸಿದ್ರ ನಿಮ್ಮ ಮನಿ ಲೈನೇ ಕಡೀತೇನಿ!" ಅವನ ಹಿಂದೆ ಇಡೀ ಓಣಿ ನಿಂತಿತ್ತು.

ಜೀವನದಲ್ಲಿ ಪ್ರಯಾಣಿಕರಿಗೂ ತಿರುಗಿ ಮಾತಾಡದ ಲಾಲಪ್ಪನಿಗೆ ಅವತ್ತು ಎಲ್ಲಿಂದ ಧೈರ್ಯ ಬಂತೋ!

"ಕಡೀರಿ! ಬ್ಯಾಟರಿ ಹಚ್ಚಿ ಕೇಳ್ತೇನಿ! ಓಣ್ಯಾಗಿನ ನಿಮ್ಮ ಮದುವಿ ಡಿಜೆ ಗದ್ದಲಕ್ಕ ನಮ್ಮ ಮನಿ ಪಾತ್ರಿ ಕೆಳಗ ಬಿದ್ದಾವು, ನಾ ಬಾಯಿ ಬಿಟ್ಟೀನೇನು? ಮಾಣಿಕಮ್ಮಕ್ಕಾ, ನಿನ್ನ ಸೀರಿಯಲ್ ಸೊಸಿ ದಿನಾ ನನ್ನ ಗ್ವಾಡಿ ಹಿಂದ ಅಳ್ತಾಳ, ಸಾಕು ಅಂದೀನೇನು? ಇಪ್ಪತ್ತೆಂಟು ವರ್ಷ ಮಂದಿದು ಕೇಳೀನಿ. ಇವತ್ತು ನನಗ ಬೇಕಾದ್ದು ಕೇಳ್ತೇನಿ!"

ಪ್ಲೇಯರಿನ ದನಿ ಇನ್ನಷ್ಟು ಏರಿಸಿ, ಹೊಸ್ತಿಲ ಮೇಲೆ ಎದೆಯುಬ್ಬಿಸಿ ಕುಳಿತ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ರಿಕಾರ್ಡು ಮುಗಿದಾಗ ಮಾತ್ರ ಎದ್ದು, ಮಗುಚಿ ಹಾಕಿ, ಮತ್ತೆ ಬಂದು ಕುಳಿತ.

ಹಜಿರಾ ಬೀ ಕೊನೆಗೆ ಕಾಸಿಂಗೆ ಫೋನ್ ಹಚ್ಚಿದಳು. ಅವನು ಅವಳ ದೂರದ ಸಂಬಂಧಿ. "ನೀ ಕೊಟ್ಟ ಬಲಾ ನೀನೇ ಬಂದು ಒಯ್ಯಿ!"

ನಾಲ್ಕರ ಬಸ್ಸಿಗೆ ಕಾಸಿಂ ಇಳಿದ. ಲಾಲಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. "ವಾಪಸ್ ಕೊಡಂಗಿಲ್ಲ ಭಾಯಿ. ಜೀವ ಹೋದರೂ ಕೊಡಂಗಿಲ್ಲ!"

ಕಾಸಿಂ ಅಲ್ಲೇ ನಿಂತು ಕಿವಿಗೊಟ್ಟ. ಹಣೆ ಚಚ್ಚಿಕೊಂಡ. "ಅರೇ ಲಾಲಪ್ಪ ಭಾಯಿ! ಇದು ನಿಮಿಷಕ್ಕ ಮೂವತ್ಮೂರು ಸುತ್ತು ತಿರುಗೋ ರಿಕಾರ್ಡು. ನೀ ನಲವತ್ತೈದರ ಸ್ಪೀಡಿಗೆ ಇಟ್ಟು ಓಡಿಸಾಕತ್ತೀ!"

ಲಾಲಪ್ಪನ ತೋಳಿನ ಕೆಳಗೆ ನುಸುಳಿ ಒಳಗೆ ಹೋಗಿ ಸಣ್ಣದೊಂದು ಗುಂಡಿ ಸರಿಸಿದ.

ಗಿಟಾರು ಓಟ ನಿಲ್ಲಿಸಿತು. ಒಂದೊಂದು ಸ್ವರವೂ ಗುಂಬಜಿನೊಳಗೆ ಕೂಗಿದಂತೆ ಉದ್ದಕ್ಕೆ ಮೊಳಗಿ, ಸುತ್ತಿ, ನಿಧಾನವಾಗಿ ಕರಗಿತು. ಆಲಿಕಲ್ಲಿನ ಡ್ರಮ್ಮು ಯಾರೋ ಬೆರಳಿನಿಂದ ಮೆಲ್ಲಗೆ ತಟ್ಟಿದಂತಾಯಿತು. ಹಜಿರಾ ಬೀ ಅಲ್ಲೇ ಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿದಳು. ಮಾಣಿಕಮ್ಮ ಚಾಪೆ ತಂದು ಹಾಸಿದಳು. ಲೈನ್‌ಮನ್ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಗೋಡೆಗೆ ಒರಗಿದ.

ಲಾಲಪ್ಪ ಅದು ಓಡುವುದನ್ನೇ ಕಾದ. ಓಡಲೇ ಇಲ್ಲ. ಪ್ರತಿ ಸ್ಟಾಪಿಗೂ ನಿಂತು ಮುದುಕರನ್ನು ಹತ್ತಿಸಿಕೊಳ್ಳುವ ಅವನದೇ ಬಸ್ಸಿನಂತೆ ತೆವಳಿತು. ಅವನಿಗೆ ಆಕಳಿಕೆ ಬಂತು. ಸಂಕಟವೂ ಆಯಿತು. ಗುಂಡಿಯ ಕಡೆ ಕೈ ಚಾಚಿದ.

"ಕೈ ಹಚ್ಚಬ್ಯಾಡ್ರಿ!" ಇಡೀ ಓಣಿ ಒಟ್ಟಿಗೆ ಕೂಗಿತು.

"ಎಷ್ಟು ಛಂದ ಅದರಿ! ಇವರು ಡ್ಯೂಟಿಗೆ ಹೋದ ಮ್ಯಾಲ ದಿನಾ ಹಚ್ಚತೇನಿ, ಬರ್ರಿ," ಎಂದು ಚಂದಮ್ಮ ಎಲ್ಲರಿಗೂ ಚಹಾ ಹಂಚಿದಳು. ಕಪ್ಪುಗಳು ಲಾಲಪ್ಪನವರೆಗೆ ಬರುವಷ್ಟರಲ್ಲಿ ಮುಗಿದಿದ್ದವು.

ಲಾಲಪ್ಪ ನಡುಮನೆಯಲ್ಲಿ ನಿಂತು ಮುಷ್ಟಿ ಎತ್ತಿದ. "ನನ್ನ ರಿಕಾರ್ಡು! ನನಗ ಬೇಕಾದ ಸ್ಪೀಡಿನ್ಯಾಗ ಕೇಳ್ತೇನಿ!"

ಹಜಿರಾ ಬೀ ಕಣ್ಣು ತೆರೆಯದೆಯೇ ಅಂದಳು: "ಶ್ಶ್... ಗದ್ದಲ ಮಾಡಬ್ಯಾಡ್ರಿ ಭಾಯಿ. ಮಂದಿ ಸಂಗೀತ ಕೇಳಾಕತ್ತಾರ."