ಘಳಿಗಿ ಮುರಿದ ಫೋನು

ನಮ್ಮ ಕಾಕಾನ ಪ್ರಕಾರ ಈ ಲೋಕದಲ್ಲಿ ವಸ್ತುಗಳು ಎರಡೇ ಬಗೆ: ಮಡಚಲು ಬರುವವು, ಮಡಚಲು ಬಾರದವು. ಮೊದಲನೆಯವು ಉಪಯೋಗದವು. ಎರಡನೆಯವನ್ನು ಮಾಡಿದವನು ಕೆಲಸ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದಾನೆ. ಇದನ್ನು ಅವರು ತಮಾಷೆಗೆ ಹೇಳುತ್ತಾರೆ ಅಂದುಕೊಂಡೀರಿ! ಮಹಾರಾಷ್ಟ್ರದ ಗಡಿಯ ಜತ್ತಿನ ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ಮನುಷ್ಯ ಅವರು. ದಿನಕ್ಕೆ ನೂರು ಸೀರೆ ಬಿಚ್ಚಿ ತೋರಿಸಿ, ಗಿರಾಕಿ ಒಂದನ್ನೂ ಕೊಳ್ಳದೆ ಎದ್ದುಹೋದ ಮೇಲೆ ನೂರನ್ನೂ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟ ಕೈ ಅದು. ಆ ಕೈಗೆ ಸುಮ್ಮನಿರಲು ಬರುವುದಿಲ್ಲ.

ಬಸ್ಸಿನ ಟಿಕೀಟನ್ನು ಅವರು ಎಂಟು ಮಡಿಕೆ ಮಾಡುತ್ತಾರೆ. ಒಮ್ಮೆ ತಪಾಸಣೆಯವರು ಹತ್ತಿ ಟಿಕೀಟು ಕೇಳಿದಾಗ ಅದನ್ನು ಬಿಚ್ಚುವಷ್ಟರಲ್ಲಿ ಮುಂದಿನ ಊರು ಬಂದು ತಪಾಸಣೆಯವರೇ ಇಳಿದುಹೋದರು. ನನ್ನ ಡಿ.ಎಡ್. ಸರ್ಟಿಫಿಕೇಟು ತರಲು ಅವರನ್ನು ಕಳಿಸಿದ್ದು ನನ್ನ ಜೀವನದ ದೊಡ್ಡ ತಪ್ಪು. ಅಂಗಿಯ ಕಿಸೆಯಲ್ಲಿ ಹಿಡಿಸಬೇಕಲ್ಲ? ನಾಲ್ಕು ಮಡಿಕೆ! ಇವತ್ತಿಗೂ ನನ್ನ ವಿದ್ಯೆಯ ನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಇದೆ. ನನ್ನ ಅಪ್ಪ ತೀರಿಕೊಂಡ ದಿನ ಬಂದವರೆಲ್ಲ ಹೆಣದ ಮೇಲೆ ಹೊಸ ಬಟ್ಟೆ ಹಾಕಿ ಕೈಮುಗಿಯುತ್ತಿದ್ದರೆ, ಕಾಕಾ ತಲೆಯ ಬದಿಗೆ ಕೂತು ಅಳುತ್ತಲೇ ಒಂದೊಂದನ್ನೇ ಎತ್ತಿ ಮಡಚಿಡುತ್ತಿದ್ದರು. “ಅಂಚು ಕೂಡಿಲ್ಲ, ಅಣ್ಣಗ ಸೇರಂಗಿಲ್ಲ” ಅನ್ನುತ್ತಿದ್ದರು. ನಮ್ಮಪ್ಪನಿಗೆ ಬದುಕಿದ್ದಾಗ ಅಂಚಿನ ಕಡೆ ಲಕ್ಷ್ಯವೇ ಇರಲಿಲ್ಲ.

ಅವರ ಹೆಂಡತಿ, ನಮ್ಮ ಕಾಕು, ಇದಕ್ಕೆ ತದ್ವಿರುದ್ಧ. (ಕಾಕಾನಿಗೆ ಬಹುವಚನ, ಕಾಕುಗೆ ಏಕವಚನ, ನಮ್ಮ ಮನೆಯ ವ್ಯಾಕರಣ ಹಾಗೆ, ನನ್ನನ್ನು ಬೈಯಬೇಡಿ.) ಮಕ್ಕಳಿಲ್ಲದ ಆ ಮನೆಯಲ್ಲಿ ಕಾಕಾ ಮಡಚುತ್ತಿದ್ದರು, ಕಾಕು ಮಾತಾಡುತ್ತಿದ್ದಳು. ಬೆಳಗ್ಗೆ ಹಲ್ಲು ತಿಕ್ಕುವಾಗ ಶುರುವಾದ ಮಾತು ಹಾಸಿಗೆಗೆ ಹೋಗುವ ತನಕ ಮುಗಿಯುತ್ತಿರಲಿಲ್ಲ. ಹಾಳಾದ್ದು ಆ ಹಲ್ಲು ತಿಕ್ಕುವುದೇ ಮುಳುವಾಯಿತು. ನಮ್ಮ ಕಡೆಯ ಹೆಂಗಸರಿಗೆ ಹುರಿದ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಚಟ. ಮಿಸರಿ ಅನ್ನುತ್ತಾರೆ. ಕಾಕು ದಿನಕ್ಕೆ ನಾಲ್ಕು ಸಲ ತಿಕ್ಕುತ್ತಿದ್ದಳು. ಐವತ್ತೈದನೆಯ ವಯಸ್ಸಿಗೆ ಗಂಟಲಲ್ಲಿ ಗಂಟಾಯಿತು. ಮಿರಜದ ಡಾಕ್ಟರು ಕಾಕುವನ್ನು ಉಳಿಸಲು ದನಿಯನ್ನು ತೆಗೆದುಹಾಕಿದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ನಾಲ್ಕು ತಿಂಗಳ ಮೇಲೆ ಗಂಟು ಮತ್ತೆ ಬಂತು. ಹೆಚ್ಚೆಂದರೆ ಇನ್ನು ಆರು ತಿಂಗಳು ಅಂದರು. ಕಾಕಾನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. ಕಾಕು ಒಳಗೆ ಕೂತು ಪೂರಾ ಕೇಳಿಸಿಕೊಂಡಳು.

ದನಿ ಹೋದರೆ ಬರೆದು ತೋರಿಸಬಹುದಲ್ಲ ಅನ್ನುತ್ತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ನಾನು ನನ್ನ ಶಾಲೆಯಿಂದ ಒಂದು ಪಾಟಿ ತಂದುಕೊಟ್ಟೆ. ಕಾಕು ಅದರ ಮೇಲೆ ಬರೆದು ಗಂಡನ ಮುಂದೆ ಹಿಡಿದಳು. ಕಾಕಾ ಪಾಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಕು ಬಾಲಗಾಂವದ ಹುಡುಗಿ, ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ, ನಿಮ್ಮ ಲೆಕ್ಕದಲ್ಲಿ ನಾಲ್ಕನೆಯ ತರಗತಿ. ಕಾಕಾ ಕಲಿತದ್ದು ಡಫಳಾಪುರದ ಮರಾಠಿ ಶಾಲೆಯಲ್ಲಿ. ಅವಳಿಗೆ ಮರಾಠಿ ಅಕ್ಷರ ಬರುವುದಿಲ್ಲ, ಇವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಮೂವತ್ತೆಂಟು ವರ್ಷ ಕನ್ನಡದಲ್ಲೇ ಸಂಸಾರ ಮಾಡಿದರು, ಜಗಳಾಡಿದರು, ರಾಜಿಯಾದರು, ಒಮ್ಮೆಯೂ ಇದು ಗೊತ್ತಾಗಲಿಲ್ಲ! ಗೊತ್ತಾಗುವುದಾದರೂ ಹೇಗೆ? ಒಂದೇ ಮನೆಯಲ್ಲಿರುವ ಗಂಡ ಹೆಂಡತಿ ಪತ್ರ ಬರೆದುಕೊಳ್ಳುತ್ತಾರೇನು?

ಹಾಗಾಗಿ ನಡುವೆ ನಾನು ಬಂದೆ. ಕನ್ನಡ ಸಾಲಿಯ ಮಾಸ್ತರ, ಎರಡೂ ಓದಬಲ್ಲವನು. ದಿನಾ ಸಂಜೆ ಹೋಗಿ ಕಾಕು ಬರೆದದ್ದನ್ನು ಕಾಕಾನಿಗೆ ಓದಿ ಹೇಳುತ್ತಿದ್ದೆ. “ಬ್ಯಾಳ್ಯಾಗ ಉಪ್ಪು ಕಡಿಮಿ.” “ಎಮ್ಮಿಗೆ ನೀರು ಕುಡಿಸ್ರಿ.” “ಫ್ಯಾನ್ ಬಂದ್ ಮಾಡ್ರಿ.” ಒಂದು ದಿನ ಕಾಕಾ ನನ್ನನ್ನು ಅಂಗಳಕ್ಕೆ ಕರೆದರು.

“ತಮ್ಮಾ, ನೀ ಸಿಟ್ಟಾಗಬ್ಯಾಡ. ನೀ ನಡುವ ಇದ್ರ ಆಕಿ ಉಪ್ಪು ಹುಳಿದಷ್ಟ ಬರೀತಾಳ. ಬ್ಯಾರೆ ಏನೋ ಹೇಳೋದೈತಿ ಆಕಿಗೆ. ಮಾರಿ ನೋಡಿದ್ರ ತಿಳೀತೈತಿ ನನಗ.”

ನನಗೆ ಸಿಟ್ಟೇ ಬಂತು, ಸುಳ್ಳೇಕೆ ಹೇಳಲಿ. ಆದರೆ ಅವರು ಹೇಳಿದ್ದು ಖರೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಉಳಿದ ಮಾತನ್ನು ಭಾವನ ಮಗನ ಬಾಯಿಂದ ಯಾವ ಹೆಂಗಸು ಆಡಿಸುತ್ತಾಳೆ?

ನನ್ನ ಫೋನಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುವ ವ್ಯವಸ್ಥೆ ಇತ್ತು. ಅದನ್ನೂ ನೋಡಿದೆವು. ಕಾಕು ಬರೆದಳು, ಒಳಗಿನಿಂದ ಯಾವಳೋ ಪೇಟೆಯ ಹೆಂಗಸು ಮೂಗಿನಲ್ಲಿ ಓದಿದಳು: “ಊಟಕ್ಕೆ ಬನ್ನಿ.” ಕಾಕಾ ಗಾಬರಿಯಿಂದ ಎದ್ದು ನಿಂತರು. “ಯಾರಿದು ನಮ್ಮನ್ಯಾಗ? ಇಕಿ ಯಾವಾಗ ಹಂಗ ಅಂದಾಳ? ಉಣ್ಣಾಕ ಬರ್ರಿ ಅಂತಾಳ, ಅದೂ ಮೂರು ಸಲ ಒದರತಾಳ.” ಕಾಕು ಫೋನಿನ ಬಾಯಿಯನ್ನು ಸೆರಗಿನಿಂದ ಒತ್ತಿ ಮುಚ್ಚಿದಳು. ತನ್ನ ದನಿಯ ಜಾಗದಲ್ಲಿ ಸವತಿಯನ್ನು ಕೂರಿಸಲು ಅವಳು ಒಪ್ಪಲಿಲ್ಲ.

ಆಗ ಕಾಕಾನಿಗೆ ಟಿವಿಯಲ್ಲಿ ಮಡಚುವ ಫೋನಿನ ಜಾಹೀರಾತು ಕಂಡಿತು. ಫೋನು! ಅದೂ ಮಡಚುವುದು! ಅವರು ಈಚಿನ ವರ್ಷಗಳಲ್ಲಿ ಫೋನನ್ನು ಮುಟ್ಟದೆ ಇದ್ದದ್ದೇ ಅದು ಮಡಚುವುದಿಲ್ಲ ಅಂತ. ಹಿಂದೊಮ್ಮೆ ಡಬ್ಬಿಯ ಹಾಗೆ ಮಡಚಿ ಮುಚ್ಚುವ ಗುಂಡಿಯ ಫೋನುಗಳು ಬಂದಿದ್ದಾಗ ಒಂದನ್ನು ಕಿಸೆಯಲ್ಲಿಟ್ಟುಕೊಂಡಿದ್ದರು. ಆಮೇಲೆ ಎಲ್ಲವೂ ಹಲಗೆಯಂತಾದವು, ಕಾಕಾ ಫೋನು ಬಿಟ್ಟರು. ಈಗ ಗಾಜನ್ನೇ ತೆಳ್ಳಗೆ ಮಾಡಿ ಬಗ್ಗಿಸುವ ವಿದ್ಯೆ ಬಂದಿದೆ. ಜಾಹೀರಾತಿನಲ್ಲಿ ಇಬ್ಬರು ಎದುರುಬದುರು ಕೂತಿದ್ದರು, ನಡುವೆ ಫೋನು ಅರ್ಧ ಮಡಚಿ ನಿಂತಿತ್ತು. ಈ ಕಡೆಯವಳು ತನ್ನ ಭಾಷೆಯಲ್ಲಿ ಬರೆದರೆ ಆ ಕಡೆಯವನಿಗೆ ಅವನ ಭಾಷೆಯಲ್ಲಿ ಕಾಣುತ್ತಿತ್ತು. ನಡುವೆ ಮಾಸ್ತರ ಇರಲಿಲ್ಲ.

“ಸಾದಾ ಫೋನಿನ್ಯಾಗೂ ಆಗತೈತ್ರಿ ಕಾಕಾ, ಅತ್ಲಾಗ ಇತ್ಲಾಗ ಕೊಟ್ಟು ತಗೋಬೇಕಷ್ಟ” ಅಂದೆ. ಯಾರು ಕೇಳುತ್ತಾರೆ!

ಸಾಂಗಲಿಯ ಅಂಗಡಿಯಲ್ಲಿ ಹುಡುಗಿಯೊಬ್ಬಳು ಫೋನನ್ನು ಬಿಚ್ಚಿ ತೋರಿಸಿದಳು. ಕಾಕಾ ಕಣ್ಣು ಮುಚ್ಚಿ, ಪರದೆಯ ಮೇಲೆ ಬೆರಳ ತುದಿ ಆಡಿಸಿದರು, ರೇಷ್ಮೆ ನೋಡುವ ಹಾಗೆ. ನಡುವೆ ಬೆರಳು ನಿಂತಿತು.

“ಇಲ್ಲಿ ಘಳಿಗಿ ಬಿದ್ದೈತಿ. ಮಾಲು ಹಳೇದು. ಬ್ಯಾರೆ ತೋರಸು.”

ಘಳಿಗಿ ಅಂದರೆ ನಮ್ಮ ಕಡೆ ಮಡಿಕೆ. ಹೊತ್ತು ಅಂತಲೂ ಆಗುತ್ತದೆ. ಅವಳು ಮರಾಠಿಯಲ್ಲಿ ಪಾಪ ಬಿಡಿಸಿ ಹೇಳಿದಳು: ಮಡಚುವ ಫೋನಿಗೆಲ್ಲ ಈ ಗೆರೆ ಇದ್ದೇ ಇರುತ್ತದೆ, ಮೊದಮೊದಲು ಇನ್ನೂ ಆಳ ಇತ್ತು, ಬಿಜಾಗರಿಯಲ್ಲಿ ಧೂಳು ಹೊಕ್ಕು ಕೆಡುತ್ತಿದ್ದವು, ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದಾರೆ. “ಇಸ್ತ್ರಿ ಮಾಡಿದ್ರ ಹೋಗತೈತೇನು ಕೇಳು” ಅಂದರು ನನಗೆ. ನಾನು ಕೇಳಲಿಲ್ಲ. ಲಕ್ಷಗಟ್ಟಲೆ ಸಲ ಮಡಚಿದರೂ ಏನೂ ಆಗುವುದಿಲ್ಲ, ಕಾರಖಾನೆಯಲ್ಲಿ ಯಂತ್ರ ಮಡಚಿ ನೋಡಿರುತ್ತದೆ ಅಂತ ಅವಳು ಭರವಸೆ ಕೊಟ್ಟಳು.

“ಅಷ್ಟು ಬ್ಯಾಡವಾ,” ಅಂದರು ಕಾಕಾ. “ನಮಗ ಆರು ತಿಂಗಳು ಬಂದ್ರ ಸಾಕು.”

ಹುಡುಗಿ ತಮಾಷೆ ಅಂದುಕೊಂಡು ನಕ್ಕಳು. ನಾನು ಬೀದಿಯ ಕಡೆ ಮುಖ ತಿರುಗಿಸಿದೆ.

ಈಗ ಕಷ್ಟದ ಭಾಗ ಬಂತು. ನಮ್ಮಲ್ಲಿ ಹೊಸ ಸೀರೆಯನ್ನು ತಂದವಳೇ ಮೊದಲು ಉಡುವುದಿಲ್ಲ. ಕೈಗುಣ ಇರುವ, ಬೇಕಾದ ಹೆಂಗಸಿನ ಕೈಯಲ್ಲಿ ಕೊಟ್ಟು, ಒಂದು ಹೊತ್ತು ಉಡಿಸುತ್ತಾರೆ. ಅದಕ್ಕೆ ‘ಘಳಿಗಿ ಮುರಿಯುವುದು’ ಅನ್ನುತ್ತಾರೆ. ಹಾಗೆ ಘಳಿಗಿ ಮುರಿಸಿದ ಸೀರೆ ಬಾಳಿಕೆ ಬರುತ್ತದೆ ಅಂತ ನಂಬಿಕೆ. ಕಾಕಾನ ಅಂಗಡಿಯ ಮುಹೂರ್ತದ ಸೀರೆಗಳ ಘಳಿಗಿ ಮುರಿದವಳು ಅವರ ಅಕ್ಕ, ಅಂದರೆ ನನ್ನ ಸೋದರತ್ತೆ. ಇಂಥ ಫೋನು ಬಂದ ಮೇಲೆ ಬಿಡುತ್ತಾರೆಯೇ? ಅಸಂಗಿಯಿಂದ ಅತ್ತೆಯನ್ನು ಕರೆಸಿದರು. ಕಾಕು ದಿಂಬಿಗೆ ಒರಗಿ ಕೂತಿದ್ದಳು, ತಲೆ ಬಾಚಿ ಹೂ ಮುಡಿದಿದ್ದಳು. ನಾನು ಚಾರ್ಜರಿಗೆ ಪ್ಲಗ್ಗು ಹುಡುಕುತ್ತಿದ್ದೆ. ಕಾಕಾ ಫೋನನ್ನು ಪೂರ್ತಿ ಬಿಚ್ಚಿ, ವಿಭೂತಿ ಹಚ್ಚಿ, ಅಕ್ಕನ ಉಡಿಯಲ್ಲಿಟ್ಟರು.

“ಅಕ್ಕ, ನಿನ್ನ ಕೈಲೆ ಘಳಿಗಿ ಮುರಿ.”

ಅತ್ತೆ ಫೋನು ಎತ್ತಿದಳು. ನಡುವಿನ ಗೆರೆ ಕಂಡಳು. ಬಟ್ಟೆಯಲ್ಲಿ ಮಡಿಕೆಯ ಗೆರೆ ಹೋಗಬೇಕಾದರೆ ಏನು ಮಾಡುತ್ತಾರೆ? ಉಲ್ಟಾ ಮಡಚಿ ಒತ್ತುತ್ತಾರೆ. ಎಪ್ಪತ್ತು ವರ್ಷದ ಅನುಭವದ ಕೈ. ದೇವರ ಹೆಸರು ಹೇಳಿ, ಉಲ್ಟಾ ಮಡಚಿ, ಮಂಡಿಯ ಮೇಲಿಟ್ಟು ಒತ್ತಿದಳು.

ಹಪ್ಪಳ ಮುರಿದಂಥ ಸಪ್ಪಳ. ಪರದೆಯಲ್ಲಿ ಹಸಿರು ಗೆರೆಗಳು ಓಡಾಡಿದವು, ಆಮೇಲೆ ಕಪ್ಪಾಯಿತು.

“ಮುರಿ ಅಂದಿ,” ಅಂದಳು ಅತ್ತೆ, ತಮ್ಮನ ಮುಖ ನೋಡುತ್ತ. “ಮುರದೆ.”

ಅಷ್ಟರಲ್ಲಿ ಸೀಟಿ ಊದಿದ ಹಾಗೆ ಏನೋ ಕೇಳಿಸಿತು. ಕಾಕು ನಗುತ್ತಿದ್ದಳು. ದನಿ ಇಲ್ಲ, ಕುತ್ತಿಗೆಯ ತೂತಿನಿಂದ ಗಾಳಿ ಮಾತ್ರ ಸುಂಯ್ ಸುಂಯ್ ಅಂತ ಬರುತ್ತಿತ್ತು, ಭುಜ ಕುಣಿಯುತ್ತಿದ್ದವು. ಕಾಕಾನೂ ನಕ್ಕರು. ಅತ್ತೆ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನಗೆ ಯಾವ ಕಡೆ ಸೇರಬೇಕೋ ತಿಳಿಯಲಿಲ್ಲ.

ಸಾಂಗಲಿಯಲ್ಲಿ, ಒಳಗಿನ ಪರದೆ ಹೊರಗಿನಿಂದ ಬರಬೇಕು, ಎರಡು ತಿಂಗಳಾಗುತ್ತದೆ ಅಂದರು. ಕಾಕಾ ಫೋನು ಅಲ್ಲೇ ಬಿಟ್ಟು, ಪಾವತಿಯನ್ನು ಹದಿನಾರು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡು ಬಂದರು. ದಾರಿಯಲ್ಲಿ ನಾನು ಕೇಳಿದೆ, “ಕಾಕಾ, ಅಕ್ಷರ ನಾನ ಕಲಸ್ಲೇನ್ರಿ?” “ಈಗ ಎಲ್ಲಿ ಹೊತ್ತೈತಿ ತಮ್ಮಾ,” ಅಂದರು. ನಿಜ, ಇರಲಿಲ್ಲ. ಎರಡು ದಿನಕ್ಕೊಮ್ಮೆ ಮಿರಜ, ಹೊತ್ತು ಹೊತ್ತಿಗೆ ತೂತು ಸ್ವಚ್ಛ ಮಾಡುವುದು, ನಳಿಗೆಯಲ್ಲಿ ಗಂಜಿ ಬಿಡುವುದು. ಎಲ್ಲವನ್ನೂ ಅವರೊಬ್ಬರೇ ಮಾಡುತ್ತಿದ್ದರು.

ಆ ವಾರ ಕಾಕು ಪಾಟಿಯ ಮೇಲೆ ಬರೆದು ನನಗೆ ತೋರಿಸಿದಳು: “ನೂರು ಪುಟದ್ದು ಒಂದು ವಹಿ ತಂದುಕೊಡು.” ತಂದುಕೊಟ್ಟೆ. ದಿನಾ ಮಧ್ಯಾಹ್ನ ಗೋಡೆಯ ಕಡೆ ಹೊರಳಿ ಅದರಲ್ಲಿ ಬರೆಯುತ್ತಿದ್ದಳು. ನಾನು ಹೋದರೆ ಮುಚ್ಚಿ ದಿಂಬಿನ ಕೆಳಗೆ ಇಟ್ಟುಬಿಡುತ್ತಿದ್ದಳು. ಫೋನು ರಿಪೇರಿಯಾಗಿ ಬರುವ ಮೊದಲೇ, ಆರು ತಿಂಗಳೂ ತುಂಬದೆ, ಒಂದು ಸೋಮವಾರ ಬೆಳಗ್ಗೆ ಕಾಕು ಹೋದಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಹನ್ನೆರಡನೆಯ ದಿನ ಕಾಕಾ ನನ್ನ ಶಾಲೆಗೆ ಬಂದರು, ಕೈಯಲ್ಲಿ ಆ ವಹಿ. ಮಕ್ಕಳು ಮನೆಗೆ ಹೋಗಿದ್ದರು. ನಾನು ಕನ್ನಡಕ ಹಾಕಿಕೊಂಡು ಕೈ ಚಾಚಿದೆ. ಅವರು ಕೊಡಲಿಲ್ಲ.

“ಓದಸಾಕ ತಂದಿಲ್ಲ. ಕಲ್ಯಾಕ ಬಂದೀನಿ.”

ಅವತ್ತಿನಿಂದ ದಿನಾ ಸಂಜೆ ಒಂದನೆಯ ಇಯತ್ತೆಯ ಬೆಂಚಿನಲ್ಲಿ ಮಂಡಿ ಎದೆಗೆ ಹತ್ತಿಸಿಕೊಂಡು ಕೂರತೊಡಗಿದರು. ಮರಾಠಿ ಬಲ್ಲವರಿಗೆ ಕನ್ನಡ ಅಕ್ಷರ ಏನು ಮಹಾ? ಅದೇ ಅ ಆ, ಅದೇ ಕ ಖ, ಆಕಾರ ಮಾತ್ರ ಬೇರೆ. ಹದಿನೈದು ದಿನದ ಕೆಲಸ. ಆದರೆ ನಮ್ಮ ಕಾಕಾನಂಥ ದಡ್ಡ ವಿದ್ಯಾರ್ಥಿಯನ್ನು ನನ್ನ ನೌಕರಿಯಲ್ಲೇ ನಾನು ಕಂಡಿರಲಿಲ್ಲ. ಇವತ್ತು ಕಲಿತದ್ದನ್ನು ನಾಳೆ ಮರೆಯುತ್ತಿದ್ದರು. ‘ಪ’ಕ್ಕೂ ‘ವ’ಕ್ಕೂ ಮೂರು ವಾರ ಜಗಳ. ಎರಡು ತಿಂಗಳಾದರೂ ಕಾಗುಣಿತ ದಾಟಲಿಲ್ಲ. ಒಂದು ದಿನ ನನಗೆ ಸಿಟ್ಟು ಬಂದು ಖಡು, ಅಂದರೆ ಸೀಮೆಸುಣ್ಣ, ಕೆಳಗಿಟ್ಟುಬಿಟ್ಟೆ.

ಮರುದಿನ ಜತ್ತಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕರ್ನಾಟಕದ ಬಸ್ಸೊಂದು ಬಂತು. ನನ್ನ ಮುಂದೆ, ನನ್ನನ್ನು ನೋಡದೆ, ಕಾಕಾ ನಿಂತಿದ್ದರು. ಮುದುಕಿಯೊಬ್ಬಳು ಕೇಳಿದಳು, ಇದು ಎಲ್ಲಿಗೆ ಹೋಗತೈತಪ್ಪಾ? ಕಾಕಾ ಕತ್ತೆತ್ತಿ ಕನ್ನಡದ ಬೋರ್ಡು ನೋಡಿ, ತಡವರಿಸದೆ ಹೇಳಿದರು, “ವಿಜಯಪುರ. ಹೊರ್ತಿ ಮ್ಯಾಲಿಂದ ಹೊಕ್ಕೈತಿ. ಹತ್ತ್ರಿ, ಜಾಗಾ ಐತಿ.”

ಸಂಜೆ ಅವರು ಬಂದು ಬೆಂಚಿನಲ್ಲಿ ಕೂತ ಕೂಡಲೇ ಕೇಳಿದೆ. “ಕಾಕಾ, ನಿಮಗ ಓದಾಕ ಬರತೈತಿ.”

ಅವರು ವಹಿಯನ್ನು ಬಿಚ್ಚಿ ಕೈಯಿಂದ ಸವರಿದರು. ಒಂದು ಪುಟದ ಮೂಲೆಯನ್ನೂ ಮಡಚಿರಲಿಲ್ಲ.

“ಬರತೈತಿ,” ಅಂದರು. “ತಿಂಗಳಾತು. ದಿನಾ ಒಂದ ಸಾಲು ಓದತೀನಿ. ಭಾಳ ಆಸೆ ಆದ್ರ ಎರಡು. ಪೂರಾ ಓದಿ ಮುಗಿಸಿದ್ರ ಆಕಿ ಮಾತು ಮುಗದಂಗ ತಮ್ಮಾ. ನನಗಿನ್ನೂ ಅಕ್ಷರ ಬಂದಿಲ್ಲಂತ ತಿಳ್ಕೊಂಡಿರಲಿ ಆಕಿ. ನೀ ನಿಧಾನ ಕಲಸು.”

ನಾನು ಹಲಗೆ ಒರೆಸಿ, ದೊಡ್ಡದಾಗಿ ‘ಅ’ ಬರೆದೆ.