ಯಹೂದಿ ಓಣಿಯ ಹಿರಿಯ

ಯಾರ ಮನಸ್ಸಿಗೂ ತಾಗದ ಪುಸ್ತಕವೊಂದನ್ನು ಆರಿಸಬೇಕೆಂದು ಹೊರಟದ್ದೇ ವಿಠೋಬಾ ಮಾಡಿದ ತಪ್ಪು.

ಬನಹಟ್ಟಿಯ ನೇಕಾರ ಸಮಾಜಕ್ಕೆ ಓದುಗರ ಬಳಗವೊಂದು ಬೇಕೆಂದು ಓದುವ ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಸಮಾಜದ ಅಧ್ಯಕ್ಷ ಶಿದ್ರಾಮಪ್ಪ ಸಾವಕಾರರಿಗೆ. ಮುಧೋಳದಲ್ಲಿ ಇನ್ನೊಂದು ಸಮಾಜದವರು ಪುಸ್ತಕ ಹಿಡಿದು ಸಾಲಾಗಿ ಕೂತ ಫೋಟೋ ಪೇಪರಿನಲ್ಲಿ ಬಂದಿತ್ತು. ಅದನ್ನು ಕಂಡ ದಿನವೇ ಅವರು ಸಮಾಜದ ಭವನದ ಮಹಡಿ ಖೋಲಿಯನ್ನು ಬಳಗಕ್ಕೆ ಬಿಟ್ಟುಕೊಟ್ಟರು, ತಾವೇ ಒಂದು ಕಪಾಟು ಹಾಕಿಸಿದರು, ಮತ್ತು ವಿಠೋಬಾನನ್ನು ಕಾರ್ಯದರ್ಶಿ ಮಾಡಿದರು. ವಿಠೋಬಾನ ಮನೆಯಲ್ಲಿ ಎರಡು ಪಾವರ್‌ಲೂಮ್ ಇದ್ದವು. ಅವು ಓಡುವಾಗ ಪಕ್ಕದ ಸ್ಟೂಲಿನ ಮೇಲೆ ಕೂತು ಓದುತ್ತ, ಎಳೆ ಹರಿದದ್ದು ತಿಳಿಯದೆ ಹೆಂಡತಿ ಮುತ್ತವ್ವನಿಂದ ಬೈಸಿಕೊಳ್ಳುವುದು ಅವನ ನಿತ್ಯದ ಕೆಲಸ. ಓಣಿಯಲ್ಲಿ ಓದುವ ರೋಗ ಇದ್ದವನು ಅವನೊಬ್ಬನೇ ಎಂದು ಎಲ್ಲರಿಗೂ ಗೊತ್ತಿತ್ತು.

ಬಳಗಕ್ಕೆ ಒಂದು ನಿಯಮವಿತ್ತು. ಓದುವ ಪುಸ್ತಕ ಯಾವುದಾದರೊಂದು ಸಮಾಜದ ಕುರಿತು ಇರಬೇಕು. ಮೊದಲ ತಿಂಗಳು ತಮ್ಮದೇ ಸಮಾಜದ ಇತಿಹಾಸ ಓದಿದರು. ಅದರಲ್ಲಿ ಒಬ್ಬರ ಅಜ್ಜನ ಫೋಟೋ ಇನ್ನೊಬ್ಬರ ಅಜ್ಜನ ಫೋಟೋದ ಕೆಳಗೆ ಬಂದಿತ್ತು. ಎರಡು ಮನೆಗಳ ನಡುವೆ ಮಾತು ನಿಂತಿತು. ಮುಂದಿನ ತಿಂಗಳು ನೇಕಾರರ ಬದುಕಿನ ಒಂದು ಕಾದಂಬರಿ. ಅದರಲ್ಲಿ ನೇಕಾರನೊಬ್ಬ ಕುಡಿಯುತ್ತಿದ್ದ. ಇದು ಸಮಾಜಕ್ಕೆ ಅಪಮಾನವೆಂದು ಖಂಡನೆಯ ಠರಾವು ಓದಿದವನ ಬಾಯಿಯ ವಾಸನೆಗೆ ಪಕ್ಕದವನು ಮೂಗು ಮುಚ್ಚಿಕೊಂಡಿದ್ದ. ಆಗ ಶಿದ್ರಾಮಪ್ಪ ಒಂದೇ ಮಾತು ಹೇಳಿದ್ದರು.

"ಇನ್ನೊಮ್ಮೆ ತಕರಾರ ಆತಂದ್ರ ಈ ಖೋಲಿಯೊಳಗ ಮದುವಿ ಅಡಗಿ ಡಬರಿ ಇಡಸ್ತೇನಿ."

ಆ ಮಾತು ವಿಠೋಬಾನ ಎದೆಗೆ ಬಡಿದಿತ್ತು. ಮನೆಯಲ್ಲಿ ಮಗ್ಗದ ಸದ್ದು, ಹೊರಗೆ ನೂಲು ಮತ್ತು ಸೀರೆಯ ಮಾತು. ಓದಿದ್ದನ್ನು ಇನ್ನೊಬ್ಬರೊಡನೆ ಆಡಿಕೊಳ್ಳಲು ಅವನಿಗೆ ಈ ವಯಸ್ಸಿಗೆ ಸಿಕ್ಕ ಒಂದೇ ಜಾಗ ಆ ಖೋಲಿ. ಬಂದವರಲ್ಲಿ ಬಹಳ ಮಂದಿ ಚಹಾಕ್ಕೆ ಬರುತ್ತಿದ್ದರು, ಖರೆ. ಆದರೆ ಶಿದ್ರಾಮಪ್ಪನವರ ಸೊಸೆ ನೇತ್ರಾ ಪೂರ್ತಿ ಓದಿಕೊಂಡು ಬರುತ್ತಿದ್ದಳು, ಪ್ರಶ್ನೆ ಕೇಳುತ್ತಿದ್ದಳು. ಅಷ್ಟು ಅವನಿಗೆ ಸಾಕಿತ್ತು.

ಹಾಗಾಗಿ ಈ ಸಲ ಅವನು ಯಹೂದಿಗಳನ್ನು ಆರಿಸಿದ. ಚಳಿ ದೇಶದ ಯಾವುದೋ ಹಳೇ ಊರಿನ ಯಹೂದಿ ನೇಕಾರರ ಓಣಿ. ಅದೇ ಓಣಿಯಲ್ಲಿ ಹುಟ್ಟಿದವನೊಬ್ಬ ತನ್ನ ಜನರನ್ನು ಬೈಯುತ್ತಲೇ, ಬಿಡಲಾರದೆ ಬರೆದ ಕಾದಂಬರಿ, ಕನ್ನಡಕ್ಕೆ ಬಂದದ್ದು. ಬನಹಟ್ಟಿಯಲ್ಲಾಗಲಿ ಪಕ್ಕದ ರಬಕವಿಯಲ್ಲಾಗಲಿ ಯಹೂದಿ ಒಬ್ಬನೂ ಇಲ್ಲ. ಸಿಟ್ಟಾಗಲು ಜನವೇ ಇಲ್ಲದ ಮೇಲೆ ತಕರಾರು ಎಲ್ಲಿಂದ ಬರಬೇಕು? ಯಹೂದಿ ಅಂದರೆ ಯಾರು ಎಂದು ಶಿದ್ರಾಮಪ್ಪ ಕೇಳಿದರು. ಅದೂ ಒಂದು ಸಮಾಜರೀ, ಅವರಲ್ಲೂ ನೇಯುವವರಿದ್ದರು ಎಂದ ವಿಠೋಬಾ. ಪುಸ್ತಕ ಮಂಜೂರಾಯಿತು. ಪ್ರತಿಗಳು ಮನೆಮನೆಗೆ ಹೋದವು.

ಸಭೆಯ ದಿನ, ರವಿವಾರ ಬೆಳಿಗ್ಗೆ, ವಿಠೋಬಾ ಚಹಾದಂಗಡಿಗೆ ಹೋದ. ಬಟ್ಟೆ ವ್ಯಾಪಾರಿ ರಾಜಕುಮಾರ ಅವನಿಗಾಗಿಯೇ ಕಾದಂತೆ ಬಾಕಿನ ಮೇಲೆ ಕೂತಿದ್ದ. ಈ ರಾಜಕುಮಾರ ಊರಿನ ಯಾವ ಮದುವೆಯ ಮಾತುಕತೆಯನ್ನೂ ತನ್ನ ಪಾಡಿಗೆ ನಡೆಯಲು ಬಿಟ್ಟವನಲ್ಲ.

"ಆ ಪುಸ್ತಕದಾಗಿನ ಲೀಬ ಅಂದ್ರ ನಾನ ಹೌದಲ್ಲೊ?" ಎಂದ.

ಲೀಬ ಆ ಓಣಿಯ ಮದುವೆ ದಲ್ಲಾಳಿ. ಹುಡುಗನ ಎತ್ತರವನ್ನು ಎಷ್ಟು ಹೊಗಳುತ್ತಾನೆಂದರೆ, ಹೆಣ್ಣಿನವರು ಅವನಿಗೆ ಕಿವಿ ಕೇಳಿಸುತ್ತದೆಯೇ ಎಂದು ವಿಚಾರಿಸುವುದನ್ನೇ ಮರೆಯುತ್ತಾರೆ. ಬರೆದವನು ನಿಮ್ಮಜ್ಜ ಹುಟ್ಟುವ ಮೊದಲೇ ತೀರಿಕೊಂಡಿದ್ದಾನೆ ಎಂದು ವಿಠೋಬಾ ಸಮಾಧಾನ ಹೇಳಿದ.

"ಸತ್ತಾವಗ ನಾ ಗುರಪ್ಪನ ಮಗಗ ಹೆಣ್ಣು ಮಾಡಿಸಿದ್ದು ಹೆಂಗ ಗೊತ್ತಾತು?"

"ಅದು ನಿಮ್ಮ ಸುದ್ದಿ ಅಲ್ಲರಿ. ಅವರ ಊರಾಗೂ ನಿಮ್ಮಂಥಾವರು ಇದ್ರು."

"ನನ್ನಂಥಾವರು ಅಂದ್ರ ಎಂಥಾವರು?"

ವಿಠೋಬಾ ಇಬ್ಬರಿಗೂ ಚಹಾ ಹೇಳಿದ. ರಾಜಕುಮಾರ ಒಂದಿಷ್ಟು ಬೈದು, ಬೈದ ಮೇಲೆ ತಣ್ಣಗಾದ. ತನಗಿಂತ ದೊಡ್ಡವರ ಮರ್ಯಾದೆಯೂ ಅದೇ ಪುಸ್ತಕದಲ್ಲಿ ಹೋಗಿದೆ ಎಂಬುದು ಅವನಿಗೆ ದೊಡ್ಡ ಸಮಾಧಾನವಾಗಿತ್ತು. ಪುಸ್ತಕ ತೆಗೆದು, ನಡುವೆ ಕಡ್ಡಿ ಇಟ್ಟುಕೊಂಡಿದ್ದ ಪುಟ ತೋರಿಸಿದ. ಓಣಿಯ ಹಿರಿಯ ಮೆಂಡೆಲ್ ಜನರಿಗಾಗಿ ಸ್ನಾನದ ಮನೆ ಕಟ್ಟಿಸುತ್ತಾನೆ. ನೀರು ಬರುವ ಮೊದಲೇ ಬಾಗಿಲ ಮೇಲೆ ತನ್ನ ಹೆಸರಿನ ಕಲ್ಲು ಕೂರಿಸುತ್ತಾನೆ. ಕಲ್ಲು ಉಳಿಯುತ್ತದೆ, ನೀರು ಬರುವುದೇ ಇಲ್ಲ.

ಸಮಾಜದ ಭವನದ ಮುಂದೆ ಶಿದ್ರಾಮಪ್ಪನವರು ಕುಡಿಯುವ ನೀರಿನ ಕಟ್ಟೆ ಕಟ್ಟಿಸಿದ್ದರು. ಮೇಲೆ ಅವರ ಹೆಸರಿನ ಹಾಲುಗಲ್ಲು. ಕೆಳಗೆ ಮೂರು ನಳ. ಉದ್ಘಾಟನೆಯ ದಿನ ಟ್ಯಾಂಕರ್ ತರಿಸಿ ಬಿಟ್ಟ ನೀರೇ ಮೊದಲು, ಅದೇ ಕೊನೆ.

ಹುಟ್ಟಿದಾಗಿನಿಂದ ಪುಸ್ತಕ ಮುಟ್ಟದವರೂ ಆ ಪುಟವನ್ನು ಬಾಯಿಪಾಠ ಮಾಡಿದ್ದರು. ಚಹಾದಂಗಡಿಯಲ್ಲಿ ಅದು ಒಬ್ಬರ ಕೈಯಿಂದ ಒಬ್ಬರಿಗೆ ಪ್ರಸಾದದಂತೆ ಹೋಗುತ್ತಿತ್ತು. ಎರಡೆರಡು ಸಲ ಓದಿದ ವಿಠೋಬಾನಿಗೆ ಮಾತ್ರ ಆ ಕಟ್ಟೆ ಒಮ್ಮೆಯೂ ನೆನಪಾಗಿರಲಿಲ್ಲ. ಅವನು ಓದುವಾಗ ಕಂಡದ್ದು ಎಲ್ಲೋ ದೂರದ ಹಿಮ ಬಿದ್ದ ಓಣಿ.

ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಓಡಿದ. ಮುತ್ತವ್ವ ಒಲೆಯ ಮೇಲೆ ಸೀರೆಗಳಿಗೆ ಗಂಜಿ ಕಾಯಿಸುತ್ತಿದ್ದಳು. ಎಲ್ಲವನ್ನೂ ಕೇಳಿ, ಸೌಟು ಆಡಿಸುವುದನ್ನು ನಿಲ್ಲಿಸದೆ ಹೇಳಿದಳು:

"ಯಾರದೋ ಊರಿನ ಪುಸ್ತಕ ತಂದು ನಮ್ಮೂರ ಮಂದಿ ಕಡಿಂದ ಹೊಡಿಸ್ಕೊಳ್ಳಾಕ ನೀವ ಬೇಕು ನೋಡ್ರಿ."

ವಿಠೋಬಾ ಅವಳ ಮಾತು ಕೇಳುತ್ತಿರಲಿಲ್ಲ. ಗಂಜಿಯನ್ನು ನೋಡುತ್ತಿದ್ದ.

ಶಿದ್ರಾಮಪ್ಪನವರ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ, ಸಾವಕಾರರ ಪ್ರತಿಯ ಹೊಲಿಗೆ ಬಿಟ್ಟಿದೆಯಂತೆ, ಸರಿ ಮಾಡಿ ಕೊಡುತ್ತೇನೆ ಎಂದು ನೇತ್ರಾಗೆ ಹೇಳಿದ. ಅವಳು ಪುಸ್ತಕ ಪೂರ್ತಿ ಓದಿದವಳು, ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ತಿಳಿದವಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಟಿವಿಯ ಮೇಲಿದ್ದ ಪುಸ್ತಕ ತಂದುಕೊಟ್ಟಳು. ಮಾವನವರು ಇನ್ನೂ ತೆಗೆದಿಲ್ಲ, ಮಧ್ಯಾಹ್ನ ಊಟವಾದ ಮೇಲೆ ತೆಗೆಯುತ್ತಾರೆ, ಬೇಗ ತನ್ನಿ ಎಂದಳು.

ಸ್ನಾನದ ಮನೆಯ ಎರಡು ಹಾಳೆಗಳನ್ನಷ್ಟೇ ಅಂಟಿಸಬೇಕೆಂದು ಅವನ ಲೆಕ್ಕ. ಗಂಜಿ ತೆಳ್ಳಗಿತ್ತು. ಅದು ಎರಡು ಹಾಳೆಗೆ ನಿಲ್ಲದೆ ಮುಂದಕ್ಕೂ ಹಿಂದಕ್ಕೂ ಹರಿಯಿತು. ಒರೆಸಿದಷ್ಟೂ ಹರಡಿತು. ಮಾಳಿಗೆಯ ಬಿಸಿಲಿಗೆ ಇಟ್ಟಾಗ ಪುಸ್ತಕದ ನಡುಭಾಗವೆಲ್ಲ ಒಂದಾಗಿ, ವಾರದ ಖಡಕ್ ರೊಟ್ಟಿಯಂತೆ ಸೆಟೆದು ನಿಂತಿತು. ಮುತ್ತವ್ವ ಈಳಿಗೆ ತಂದು ಬಿಡಿಸಲು ನೋಡಿದಳು. ಅಷ್ಟರಲ್ಲಿ ಸಾವಕಾರರ ಆಳು ಹಣಮಂತ ಬೈಕಿನ ಮೇಲೆ ಬಂದು, ಸಾವಕಾರ್ರು ಪುಸ್ತಕ ಕೇಳಾಕತ್ತಾರ ಎಂದು ನಿಂತ. ಮೊದಲ ನಾಲ್ಕು ಹಾಳೆ, ಕೊನೆಯ ನಾಲ್ಕು ಹಾಳೆ ಮಾತ್ರ ತೆರೆಯುವ ಆ ಪುಸ್ತಕವನ್ನು ವಿಠೋಬಾ ಕೊಟ್ಟ.

ಸಂಜೆ ಖೋಲಿ ತುಂಬಿತ್ತು. ಜಗಳ ನೋಡುವ ಆಸೆಗೆ, ಎಂದೂ ಬರದವರೂ ಬಂದಿದ್ದರು. ಎಲ್ಲರ ಕೈಯಲ್ಲೂ ಪುಸ್ತಕ, ಎಲ್ಲರ ಪುಸ್ತಕದಲ್ಲೂ ಅದೇ ಪುಟಕ್ಕೆ ಕಡ್ಡಿ. ಶಿದ್ರಾಮಪ್ಪ ತಡವಾಗಿ ಬಂದು ಕೂತರು. ಯಾರ ಮುಖವನ್ನೂ ನೋಡಲಿಲ್ಲ. ವಿಠೋಬಾ ಕಪಾಟಿನ ಪುಸ್ತಕಗಳನ್ನು ಕಡೆಯ ಸಲವೆಂಬಂತೆ ನೋಡಿಕೊಂಡ.

ಬನಹಟ್ಟಿಯ ವ್ಯಾಪಾರಿ ಬಟ್ಟೆಯ ಥಾನನ್ನು ಪೂರ್ತಿ ಬಿಚ್ಚಿ ನೋಡುವುದಿಲ್ಲ. ಮುಂದಿನ ತುದಿ ನೋಡುತ್ತಾನೆ, ಹಿಂದಿನ ತುದಿ ನೋಡುತ್ತಾನೆ, ನಡುವಿನದು ಹೇಗಿದೆ ಎಂಬುದನ್ನು ಅಷ್ಟರಲ್ಲೇ ತೀರ್ಮಾನಿಸುತ್ತಾನೆ. ಜೀವನವೆಲ್ಲ ಹಾಗೇ ನೋಡಿದ ಶಿದ್ರಾಮಪ್ಪ ಪುಸ್ತಕವನ್ನೂ ಹಾಗೇ ನೋಡಿದ್ದರು. ಮೊದಲ ಪುಟದಲ್ಲಿ ಹಬ್ಬದ ಬೆಳಿಗ್ಗೆ ಮೆಂಡೆಲ್ ಬರುವತನಕ ಪ್ರಾರ್ಥನೆ ಶುರುವಾಗುವುದಿಲ್ಲ, ಎಲ್ಲರೂ ಚಳಿಯಲ್ಲಿ ಕಾಯುತ್ತಾರೆ. ಕೊನೆಯ ಪುಟದಲ್ಲಿ ಮೆಂಡೆಲ್ ತೀರಿಕೊಂಡಿದ್ದಾನೆ, ಓಣಿಯ ಮಗ್ಗಗಳೆಲ್ಲ ನಿಂತಿವೆ. ಪ್ರಾರ್ಥನಾ ಮಂದಿರದ ಕೀಲಿ ಮೆಂಡೆಲ್‌ನ ಜೇಬಿನಲ್ಲಿತ್ತೆಂದು, ಮಗ್ಗ ನಿಂತದ್ದು ಆ ವಾರ ನೂಲು ಬಾರದ್ದಕ್ಕೆಂದು ಹೇಳುವ ಪುಟಗಳು ಗಂಜಿಯೊಳಗಿದ್ದವು.

"ಯಾವ ದೇಶದಾಂವೋ ಏನೋ," ಎಂದರು ಶಿದ್ರಾಮಪ್ಪ, ಪುಸ್ತಕವನ್ನು ಎದೆಗೊತ್ತಿಕೊಂಡು. "ನನ್ನ ಕಂಡಾಂಗ ಬರದಾನ."

ಮೊದಲು ಚೇತರಿಸಿಕೊಂಡವನು ರಾಜಕುಮಾರ. ಮೊದಲ ಪುಟ ಓದುವಾಗಲೇ ತನಗೆ ಸಾವಕಾರರ ಮುಖ ಕಣ್ಣ ಮುಂದೆ ಬಂತು ಎಂದ. ಉಳಿದವರೂ ತಮಗೂ ಬಂತು ಎಂದರು.

"ಆದ್ರ ನಡುವಿನ ಹಾಳಿ ಬಿಚ್ಚವೊಲ್ಲವು," ಎಂದು ಶಿದ್ರಾಮಪ್ಪ ರಾಜಕುಮಾರನ ಪ್ರತಿಗೆ ಕೈಚಾಚಿದರು. "ತಾ ಇಲ್ಲೆ, ನಿಂದರ ನೋಡೂಣು."

ರಾಜಕುಮಾರ ಪುಸ್ತಕವನ್ನು ತೊಡೆಯ ಕೆಳಗೆ ಸರಿಸಿ, ತನ್ನದೂ ಹಾಗೇ ಅಂಟಿಕೊಂಡಿದೆ ಎಂದ. ಪಕ್ಕದವನು ತನ್ನದೂ ಎಂದ. ಸಾಲು ಮುಗಿಯುವುದರೊಳಗೆ ಬನಹಟ್ಟಿಗೆ ಬಂದ ಪ್ರತಿಗಳೆಲ್ಲ ಅಂಟಿಕೊಂಡಿದ್ದವು. ನೇತ್ರಾ ಮಾತ್ರ ಬಾಯಿ ತೆರೆಯಲಿಲ್ಲ. ಕಿಟಕಿಯ ಕಡೆಗೆ ತಿರುಗಿ ಕೂತಿದ್ದಳು, ಹೆಗಲು ಅಲುಗುತ್ತಿತ್ತು.

"ಹಂಗಾರ ನಾ ನಡುವ ಏನೇನ ಮಾಡೇನಿ ಅನ್ನೂದು ಮಂದಿಗೆ ತಿಳಿಯೂದು ಹೆಂಗ?" ಶಿದ್ರಾಮಪ್ಪ ವಿಠೋಬಾನ ಕಡೆಗೆ ತಿರುಗಿದರು. "ನಡುವಿಂದು ನೀ ಬರಿ. ಇಲ್ಲೇ ಕುಂತು ಬರಿ. ಪ್ರತಿ ಸಭಾದಾಗ ಬರದಷ್ಟು ಓದು, ಮಂದಿ ಕೇಳ್ತಾರ."

ಮಂದಿ ಚಪ್ಪಾಳೆ ತಟ್ಟಿದರು. ತಮ್ಮ ಮನೆಯ ಹಿರಿಯರದೂ ಒಂದೊಂದು ಸಾಲು ಬರಲಿ ಎಂದು ಇಬ್ಬರು ಕೂತಲ್ಲಿಂದಲೇ ಹೇಳಿದರು. ಬರೆಯುವವನಿಗೆ ಕಾಗದ ಇಡಲು ಜಾಗ ಬೇಕೆಂದು ಹಣಮಂತ ಕಪಾಟಿನ ಪುಸ್ತಕಗಳನ್ನು ಹೊರೆ ಕಟ್ಟಿ ಕೆಳಗಿಳಿಸತೊಡಗಿದ. ಹಂಚಿದ ಪ್ರತಿಗಳನ್ನೂ ಎಲ್ಲರೂ ತಾವಾಗಿಯೇ, ಬಹಳ ಅವಸರದಿಂದ, ಆ ಹೊರೆಗೆ ಸೇರಿಸಿದರು.

ಮೆಟ್ಟಿಲ ಮೇಲೆ ಇಳಿದು ಹೋಗುತ್ತಿದ್ದ ಪುಸ್ತಕಗಳನ್ನು ನೋಡುತ್ತ ವಿಠೋಬಾ ಮೆಲ್ಲಗೆ ಕೇಳಿದ:

"ಇದು ಎಂದ ಮುಗೀತೈತ್ರಿ ಸಾವಕಾರ್ರ? ಮುಗದ ಮ್ಯಾಲೆ ಬ್ಯಾರೆ ಪುಸ್ತಕ ಆರಸಬೇಕಲ್ಲರಿ."

ಶಿದ್ರಾಮಪ್ಪ ಎದ್ದು, ಅವನ ಹೆಗಲ ಮೇಲೆ ಅಕ್ಕರೆಯಿಂದ ಕೈ ಇಟ್ಟರು.

"ಏನ ಅವಸರ ಐತೆಪಾ? ನಾ ಇನ್ನೂ ಗಟ್ಟಿ ಅದೇನಿ. ನೀ ಬರಕೋತ ಹೋಗು."