ನಿದ್ದೆಗೊಂದು ಟಿಕೆಟ್

ಹಾಸನ: ಇಲ್ಲಿನ ಬಡಾವಣೆಯೊಂದರ ಮನೆಯಲ್ಲಿ ಪುಷ್ಯ ಮಾಸದ ಚಳಿಯ ನಡುವೆಯೇ ಸೀಲಿಂಗ್ ಫ್ಯಾನು ಐದನೇ ನಂಬರಿನಲ್ಲಿ ತಿರುಗಿದ ಘಟನೆ ವರದಿಯಾಗಿದೆ. ಪ್ರಾಣಹಾನಿ ಸಂಭವಿಸಿಲ್ಲ. ಮನೆಯ ಯಜಮಾನರು ಎರಡು ಕಂಬಳಿ ಹಾಗೂ ಒಂದು ಮಂಕಿ ಕ್ಯಾಪಿನ ಸಮೇತ ಸುರಕ್ಷಿತ ಸ್ಥಳಕ್ಕೆ, ಅಂದರೆ ಹಾಲಿನ ಸೋಫಾಕ್ಕೆ, ಸ್ಥಳಾಂತರಗೊಂಡಿದ್ದಾರೆ. ಸ್ವಿಚ್ ಹಾಕಿದ್ದು ಅವರ ಪತ್ನಿಯೇ ಎಂದು ತಿಳಿದುಬಂದಿದ್ದು, ಆಕೆ ಅದನ್ನು ಒಪ್ಪಿಕೊಂಡಿದ್ದಾರೆ.

ಆ ಪತ್ನಿ ನಾನು. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರು. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸಿನ ಮೈಯೊಳಗೆ ಏನೇನಾಗುತ್ತದೆ ಎಂದು ಹೇಳುವ ಪುಸ್ತಕಗಳು ಇವೆಯಂತೆ. ಮೈಯಾಚೆ, ಅಂದರೆ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಗಂಡನ ತಲೆಯಲ್ಲಿ ಏನೇನಾಗುತ್ತದೆ ಎಂದು ಯಾರೂ ಬರೆದಂತಿಲ್ಲ. ಆಗುವುದಂತೂ ನಿಂತಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ನಿದ್ದೆ. ಸಿಕ್ಕಿದ್ದು ಇವು.

ಡಾಕ್ಟರ ಮುಂದೆ

ಹಾಸನದ ಲೇಡಿ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, "ಇದು ಕಾಯಿಲೆ ಅಲ್ಲಮ್ಮ, ಮೆನೋಪಾಸ್" ಎಂದರು. ಪಕ್ಕದಲ್ಲಿ ಕೂತಿದ್ದ ಯಜಮಾನರು ಆ ಪದ ಕಿವಿಗೆ ಬಿದ್ದೊಡನೆ ಗೋಡೆ ನೋಡಿದರು. ಅಲ್ಲಿ ಗರ್ಭಕೋಶದ ದೊಡ್ಡ ಚಿತ್ರವಿತ್ತು. ಬೆಚ್ಚಿ ಕ್ಯಾಲೆಂಡರಿನ ಕಡೆ ತಿರುಗಿದರು.

"ದಿನಾ ನಡೀರಿ. ರಾತ್ರಿ ಊಟ ಬೇಗ ಮುಗಿಸಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ" ಎಂದರು ಡಾಕ್ಟರು. ಹಾಸನದಲ್ಲಿ ಕೂತು ಈ ಮಾತು ಹೇಳಲು ಧೈರ್ಯ ಬೇಕು. "ಬೆವರು ಬರುತ್ತೆ, ಎದೆ ಡವಡವ ಅನ್ನುತ್ತೆ, ಕೀಲು ನೋಯುತ್ತೆ, ಮರೆವು ಜಾಸ್ತಿ ಆಗುತ್ತೆ. ಸುಮ್ಮಸುಮ್ಮನೆ ಸಿಟ್ಟೂ ಬರಬಹುದು."

ಯಜಮಾನರು ಕ್ಯಾಲೆಂಡರನ್ನೇ ನೋಡುತ್ತಾ ಕೇಳಿದರು: "ಸಿಟ್ಟು ಎಷ್ಟು ದಿನದಿಂದ ಇದ್ರೆ ಮೆನೋಪಾಸ್ ಡಾಕ್ಟ್ರೇ? ಇವಳಿಗೆ ಮದುವೆ ಆದಾಗಿನಿಂದ ಇದೆ."

ಡಾಕ್ಟರು ಅವರನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, "ಅದಕ್ಕೆ ಕಾರಣ ಬೇರೆ ಇರುತ್ತೆ" ಎಂದರು.

ಅರಕಲಗೂಡಿನ ಮದ್ದು

ಯಜಮಾನರು ಅರಕಲಗೂಡಿಗೆ ಫೋನ್ ಮಾಡಿದರು. ಮರುದಿನವೇ ಅತ್ತೆ ಒಂದು ಚೀಲ ಗಸಗಸೆಯೊಂದಿಗೆ ಬಂದಿಳಿದರು.

"ನಮ್ ಕಾಲ್ದಲ್ಲಿ ಇಂಗೆಲ್ಲ ಇರ್ನಿಲ್ಲ ಕಣವ್ವ" ಎಂದು ಶುರು ಮಾಡಿದರು.

"ನಿಮಗೆ ಮೈ ಬಿಸಿ ಆಗ್ತಿರಲಿಲ್ವಾ ಅತ್ತೆ?"

"ಆಗ್ದೆ ಏನು? ಒಗೆಸೊಪ್ಪು ಬೇಯ್ಸೋ ಬ್ಯಾರನ್ ಗೂಡಿನ ಒಲೆ ಮುಂದೆ ನಿಂತಿರ್ತಿದ್ದೆ. ಬಿಸಿ ಒಳಗಿಂದ ಬತ್ತಿತ್ತೋ ಬ್ಯಾರನ್ನಿಂದ ಬತ್ತಿತ್ತೋ ಯಾವಳು ಕಂಡೋಳು?"

"ಮತ್ತೆ ನಿದ್ದೆ?"

"ಬೆಂಕಿ ಆರ್ದಂಗೆ ಕಾಯಕ್ಕೆ ರಾತ್ರಿಯೆಲ್ಲ ಒಬ್ರು ಎದ್ದಿರ್ಬೇಕಿತ್ತು. ನಂಗೆ ಎಂಗೂ ನಿದ್ದೆ ಬತ್ತಿರ್ನಿಲ್ಲ, ನಾನೇ ಕೂರ್ತಿದ್ದೆ. ನಿಮ್ಮಾವ ನನ್ನೆಂಡ್ತಿಯಂಥ ಗೇಯ್ಮೆಗಾರ್ತಿ ಸೀಮೇಲಿಲ್ಲ ಅಂತ ಊರ್ಗೆಲ್ಲ ಏಳ್ಕಂಡು ತಿರುಗ್ತಿದ್ರು."

ಹೀಗೆ, ಅವರ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂಬುದು ಸಾಬೀತಾಯಿತು.

ಭಾನುವಾರ ಮಧ್ಯಾಹ್ನ ಗಸಗಸೆ ಪಾಯಸವಾಯಿತು. "ಎರಡು ಲೋಟ ಕುಡಿ, ಮೂರ್ನೇದಕ್ಕೆ ಎಚ್ಚರ ಇರ್ತೀಯಾ ನೋಡಾನ" ಎಂದು ಅತ್ತೆ ಸವಾಲು ಹಾಕಿದರು. ನನಗೆ ಜೊತೆಯಾಗಿರಲೆಂದು ತಾವೂ ಕುಡಿದರು. ಯಜಮಾನರು ಕುಡಿದರು. ಪಾಯಸದ ಪರಿಮಳಕ್ಕೆ ಬಂದ ಪಕ್ಕದ ಮನೆಯ ಯಜಮಾನರೂ ಕುಡಿದರು. ಸ್ವಲ್ಪ ಹೊತ್ತಿಗೆ ಅತ್ತೆ ದಿವಾನಿನ ಮೇಲೆ, ಯಜಮಾನರು ಸೋಫಾದ ಮೇಲೆ, ಪಕ್ಕದ ಮನೆಯ ಯಜಮಾನರು ಕೂತ ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದರು.

ನಾನು ಮೂರನೇ ಲೋಟ ಮುಗಿಸಿ, ಪಾತ್ರೆ ತೊಳೆದೆ.

ಹಳ್ಳಿಮೈಸೂರು

ಮಲಗಿದರೆ ಬಾರದ ನಿದ್ದೆ ಕೂತರೆ ಬರುತ್ತದೆ ಎಂಬುದು ನನಗೆ ತಿಳಿದದ್ದು ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುವ ಬಸ್ಸಿನಲ್ಲಿ. ದಿನಾ ಹೋಗುವ ಬಸ್ಸು, ಕಿಟಕಿ ಪಕ್ಕದ ಸೀಟು, ಮುಖಕ್ಕೆ ತಣ್ಣನೆ ಗಾಳಿ. ಕಣ್ಣು ಬಿಟ್ಟಾಗ ಊರು ಗುರುತಿನದಲ್ಲ. ಕಂಡಕ್ಟರನ್ನು ಕೇಳಿದೆ. ಹಳ್ಳಿಮೈಸೂರು ಎಂದ. ಅಂದರೆ ನಾನಿಳಿಯಬೇಕಾದ ಹೊಳೆನರಸೀಪುರ ಯಾವಾಗಲೋ ಹಿಂದೆ ಉಳಿದಿತ್ತು.

"ಎಬ್ಬಿಸೋದಲ್ವೇನಪ್ಪ?"

"ನಮ್ಮವ್ವನೂ ಇಂಗೇ ಮೇಡಂ, ನಿದ್ದೆ ಬರ್ದೆ ಒದ್ದಾಡ್ತಾವ್ಳೆ. ನಿಮ್ ಮುಖ ನೋಡ್ದೆ. ಇಂಥ ನಿದ್ದೆ ಕೆಡಿಸಿದ್ರೆ ಪಾಪ ಬತ್ತದೆ ಅಂತ ಸುಮ್ನಾದೆ."

ಹೆಡ್‌ಮಾಸ್ಟರಿಗೆ ಫೋನ್ ಮಾಡಿ, "ಸಾರ್, ಹಳ್ಳಿಮೈಸೂರಲ್ಲಿದ್ದೀನಿ" ಎಂದೆ.

"ಅಲ್ಲೇನು ಕೆಲಸ ಮೇಡಂ?"

"ಏನಿಲ್ಲ ಸಾರ್. ಈಗ ಎದ್ದೆ."

ವಾಪಸು ಬಸ್ಸಿಗೆ ಕಾಯಲು ಇಳಿಯುವಾಗ ಕಂಡಕ್ಟರು ಮೆಲ್ಲಗೆ ಹೇಳಿದ: "ಇಸ್ಕೂಲಿರೋ ದಿನ ಇದೆಲ್ಲ ಬ್ಯಾಡಿ ಮೇಡಂ. ಭಾನ್ವಾರ ನಂಗೆ ಚನ್ರಾಯಪಟ್ಣದ ಡ್ಯೂಟಿ. ರೋಡು ಚೆನ್ನಾಗದೆ, ಕುಲುಕಾಕಿಲ್ಲ. ಬನ್ನಿ."

ಇಷ್ಟು ದಿನದಲ್ಲಿ ನನಗೆ ಸಿಕ್ಕ ಅತ್ಯುತ್ತಮ ವೈದ್ಯಕೀಯ ಸಲಹೆ ಇದು.

ಚನ್ನರಾಯಪಟ್ಟಣ

ಹೆಂಗಸರಿಗೆ ಬಸ್ಸು ಉಚಿತವಾದದ್ದು ತವರಿಗೆ ಹೋಗಲಿ, ದೇವಸ್ಥಾನಕ್ಕೆ ಹೋಗಲಿ ಎಂದಿರಬೇಕು. ನಾನು ಭಾನುವಾರ ತಿಂಡಿ ಮುಗಿಸಿ, ಆಧಾರ್ ಕಾರ್ಡು ತೋರಿಸಿ, ನಿದ್ದೆಗೆ ಹೋಗತೊಡಗಿದೆ. ಶಾಂತಿಗ್ರಾಮ ದಾಟುವುದರೊಳಗೆ ಕಣ್ಣು ಮುಚ್ಚುತ್ತಿತ್ತು. ಚನ್ನರಾಯಪಟ್ಟಣದಲ್ಲಿ ಕಂಡಕ್ಟರು ನನ್ನನ್ನು ಎಬ್ಬಿಸದೆ, ವಾಪಸಿನ ಟಿಕೆಟನ್ನು ನನ್ನ ಬ್ಯಾಗಿನ ಹಿಡಿಗೆ ಸಿಕ್ಕಿಸುತ್ತಿದ್ದ. ಎದ್ದರೆ ಹಾಸನ.

ಎರಡನೇ ವಾರ ಪಕ್ಕದ ಮನೆಯಾಕೆ ಜೊತೆಯಾದರು. ಅವರು ಜೈನರು, ತವರು ಜಿನನಾಥಪುರ. ಕಾಫಿ ಮುಟ್ಟುವವರಲ್ಲ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಡಾಕ್ಟರು ಹೇಳಿದ್ದನ್ನೆಲ್ಲ ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದವರು. ಅವರಿಗೂ ನಿದ್ದೆ ಇರಲಿಲ್ಲ ಎಂದು ತಿಳಿದಾಗ ನನಗಾದ ಸಮಾಧಾನ ಯಾವ ಮಾತ್ರೆಯಿಂದಲೂ ಆಗಿರಲಿಲ್ಲ.

ಭಾನುವಾರದ ಮಧ್ಯಾಹ್ನ ನಾನು ನಗುನಗುತ್ತಾ ಮನೆಗೆ ಬರುವುದನ್ನು ಕಂಡು ಯಜಮಾನರಿಗೆ ಗಾಬರಿಯಾಯಿತು.

"ಚನ್ನರಾಯಪಟ್ಟಣದಲ್ಲಿ ಏನೇ ಕೆಲಸ?"

"ಏನೂ ಇಲ್ಲಾರೀ."

"ಯಾರನ್ನ ನೋಡಿದೆ?"

"ಯಾರನ್ನೂ ನೋಡಲಿಲ್ಲ."

"ಊರಾದ್ರೂ ಹೇಗಿದೆ?"

"ಗೊತ್ತಿಲ್ಲ."

ಎಲ್ಲವೂ ನಿಜವಾದದ್ದರಿಂದ ಅನುಮಾನ ಬಲವಾಯಿತು. ಅರಕಲಗೂಡಿಗೆ ಫೋನ್ ಹೋಯಿತು. "ಒಂದ್ಕಿತ ಅವಳ್ ಇಂದಿಂದೇ ಓಗಿ ನೋಡ್ಲಾ" ಎಂದು ಅತ್ತೆ ಆಜ್ಞೆ ಮಾಡಿದರು.

ಮುಂದಿನ ಭಾನುವಾರ ಯಜಮಾನರು ಮಂಕಿ ಕ್ಯಾಪನ್ನು ಹುಬ್ಬಿನವರೆಗೆ ಎಳೆದುಕೊಂಡು, ಅದೇ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಚನ್ನರಾಯಪಟ್ಟಣಕ್ಕೆ ಟಿಕೆಟ್ ತೆಗೆದುಕೊಂಡರು. ನನಗೆ ಇದಾವುದೂ ತಿಳಿಯಲಿಲ್ಲ. ಮಲಗಿದ್ದೆ. ವಾಪಸು ಬರುವಾಗ ಶಾಂತಿಗ್ರಾಮದ ಹತ್ತಿರ ಗಲಾಟೆಗೆ ಎಚ್ಚರವಾಯಿತು. ಚೆಕಿಂಗಿನವರು ಹತ್ತಿದ್ದರು. ನಮ್ಮ ಬ್ಯಾಗುಗಳ ಹಿಡಿಯಿಂದ ಟಿಕೆಟು ಎಳೆದು ನೋಡಿ, ಮತ್ತೆ ಸಿಕ್ಕಿಸಿ, ಹಿಂದಕ್ಕೆ ಹೋಗಿದ್ದರು. ಅಲ್ಲಿ ಕಂಬಳಿಯಂತೆ ಮುದುಡಿಕೊಂಡಿದ್ದ ಒಬ್ಬರನ್ನು ಅಲುಗಿಸಿ ಎಬ್ಬಿಸುತ್ತಿದ್ದರು.

"ಟಿಕೆಟ್ ತೋರ್ಸಿ ಸಾ."

ಗುರುತಿನ ಧ್ವನಿಯೊಂದು ಆಕಳಿಸುತ್ತಾ, "ತಗೊಳ್ಳಿ, ಚನ್ನರಾಯಪಟ್ಟಣ. ಬಂತಾ?" ಎಂದು ಕೇಳಿತು.

"ಬಂದು ಓಯ್ತು ಸಾ."

ಸೋಫಾದ ಮೇಲೆ ಅಷ್ಟು ದಿನ ಕಳೆದವರಿಗೆ ಬಸ್ಸಿನ ಸೀಟು ಸುಪ್ಪತ್ತಿಗೆಯಾಗಿತ್ತು. ಕಂಡಕ್ಟರು ಕೈ ಮುಗಿದ: "ಎಂಗಸ್ರನ್ನ ಮಾತ್ರ ಲೆಕ್ಕ ಇಟ್ಟಿದ್ದೆ ಸಾ. ಗಂಡಸ್ರೂ ಮಲಗಕ್ ಬತ್ತಾರೆ ಅಂತ ಗೊತ್ತಿರ್ನಿಲ್ಲ." ಇಡೀ ಬಸ್ಸಿನಲ್ಲಿ ದಂಡ ಕಟ್ಟಿದ್ದು ಯಜಮಾನರೊಬ್ಬರೇ.

ಮನೆಗೆ ಬರುವ ಹೊತ್ತಿಗೆ ಅತ್ತೆಯ ಫೋನು ಬಡಿದುಕೊಳ್ಳುತ್ತಿತ್ತು.

"ಎಲ್ಲಿಗ್ ಓದ್ಳಲಾ ನಿನ್ನೆಂಡ್ತಿ?"

"ಗೊತ್ತಾಗ್ಲಿಲ್ಲಮ್ಮ" ಎಂದರು ಯಜಮಾನರು. "ನಾನು ಮಲಗಿಬಿಟ್ಟಿದ್ದೆ."

ಅವರೀಗ ಭಾನುವಾರ ಹೋಗುವುದಕ್ಕೂ ಬರುವುದಕ್ಕೂ ಟಿಕೆಟ್ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಫ್ಯಾನು ಐದರಲ್ಲೇ ಇದೆ. ಚನ್ನರಾಯಪಟ್ಟಣವನ್ನು ನಾವಿನ್ನೂ ನೋಡಿಲ್ಲ.